ಟೈರ್ ಕಟ್ಟಕಡೆಗೆ ಕೊಂಡೆ: ಚಾರ್ಮಾಡಿ, ತೋಟದ ರಸ್ತೆ ಮತ್ತು ನಮ್ಮ ಎಸ್‌ಯುವಿ

45,000 ಕಿಲೋಮೀಟರ್ ಓಡಿದ ಮೇಲೂ ಟೈರಿನಲ್ಲಿ ಸುಮಾರು 5 ಮಿಲಿಮೀಟರ್ ಗ್ರಿಪ್ (ಗೆರೆಯ ಆಳ) ಉಳಿದಿದೆ ಎಂದರೆ ಹಾಸನದ ನನ್ನ ಭಾವ ಈಗಲೂ ಒಮ್ಮೆ ಮೀಟರ್ ನೋಡುತ್ತಾರೆ, ಇನ್ನೊಮ್ಮೆ ನನ್ನ ಮುಖ ನೋಡುತ್ತಾರೆ. ಇದರ ಹಿಂದಿನ ಸೆಟ್ 22,000ಕ್ಕೇ ಒಳಅಂಚು ಬೋಳಾಗಿ ತಂತಿ ತೋರಿಸಿತ್ತು. ಅದಕ್ಕೂ ಹಿಂದಿನದು 25,000ದ ಆಸುಪಾಸಿನಲ್ಲಿ ಮುಗಿದಿತ್ತು. ಗಾಡಿ ಅದೇ, ಓಡಿಸುವವನು ಅದೇ, ರಸ್ತೆಯೂ ಅದೇ. ಈ ಸಲ ದುಡ್ಡು ಹಾಕಿದ ಕ್ರಮವೊಂದೇ ಬೇರೆ. ಎಲ್ಲರೂ ಟೈರ್ ಕೊಂಡು ಆಮೇಲೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್‌ಗೆ ನಿಲ್ಲಿಸುತ್ತಾರೆ. ನಾನು ಮೊದಲು ಚಕ್ರ ಹಿಡಿದಿರುವ ಕೀಲುಗಳನ್ನೂ ಬುಷ್‌ಗಳನ್ನೂ (ಕೀಲಿನೊಳಗಿನ ರಬ್ಬರ್) ಬದಲಿಸಿ, ಟೈರನ್ನು ಕಟ್ಟಕಡೆಗೆ ಕೊಂಡೆ. "ಬೋಳು ಟೈರ್ ಇಟ್ಟುಕೊಂಡು ಬುಷ್ ಹಾಕಿಸುತ್ತೀರಲ್ಲ ಗೌಡರೇ" ಎಂದು ಗ್ಯಾರೇಜಿನಲ್ಲಿ ನಕ್ಕವರು ಈಗ ತಮ್ಮ ಗಿರಾಕಿಗಳಿಗೆ ಅದನ್ನೇ ಹೇಳುತ್ತಿದ್ದಾರೆ ಎಂದು ಕೇಳಿದ್ದೇನೆ.

ನಮ್ಮದು ಏಳು ಸೀಟಿನ ಡೀಸೆಲ್ ಗಾಡಿ, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್, ಟೈರ್ ಅಳತೆ 235/70 ಆರ್ 16 (ಅಗಲ 235 ಮಿಲಿಮೀಟರ್, ಪಕ್ಕದ ಎತ್ತರ ಅಗಲದ 70 ಪರ್ಸೆಂಟ್, ರಿಮ್ 16 ಇಂಚು). ಮನೆ ಮೂಡಿಗೆರೆಯಿಂದ ಬಣಕಲ್ ಕಡೆಗೆ. ಮಂಗಳೂರಿನಲ್ಲಿ ಮೊದಲು ಮಗ ಓದಿದ, ಈಗ ಮಗಳು ಓದುತ್ತಿದ್ದಾಳೆ, ಹಾಗಾಗಿ ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆಯ ದಾರಿ ನಮಗೆ ಅಂಗಳವಿದ್ದಂತೆ. ಉಳಿದದ್ದು ತೋಟದ ರಸ್ತೆ: ಮಳೆಗಾಲದಲ್ಲಿ ಪಾಚಿ ಕಟ್ಟಿದ ಚಡಾವು, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಚೀಲ. ಮನೆಯವರು ಕೂರುವ ಗಾಡಿಯಲ್ಲಿ ಚೀಲ ಏಕೆ ಎಂದು ಕೇಳಬೇಡಿ. ಪಿಕಪ್ ಕೈಕೊಟ್ಟ ದಿನ ಅಂಗಳದಲ್ಲಿ ಯಾವುದಿದೆಯೋ ಅದೇ ಪಿಕಪ್.

ಹಿಂದಿನ ಸೆಟ್ ಸವೆಯುತ್ತಿದ್ದಾಗ ಅಲೈನ್‌ಮೆಂಟ್‌ಗೆ ಸುರಿದ ಹಣದ ಲೆಕ್ಕ ನಾನು ಇಟ್ಟಿಲ್ಲ. ಹೋದಾಗಲೆಲ್ಲ ಆರೇಳು ನೂರು ರೂಪಾಯಿ, ಬ್ಯಾಲೆನ್ಸಿಂಗ್ ಬೇರೆ. ಕಂಪ್ಯೂಟರ್ ಪರದೆಯಲ್ಲಿ ಎಲ್ಲವೂ ಹಸಿರು. ಎರಡು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಸ್ಟಿಯರಿಂಗ್ ಮತ್ತೆ ಎಡಕ್ಕೆ ಎಳೆತ. ಒಬ್ಬರು ಟೈರ್ ಕಂಪನಿ ಬದಲಿಸಿ ಎಂದರು. ಇನ್ನೊಬ್ಬರು ರಿಮ್ಮಿನಿಂದ ಬಿಚ್ಚಿ ಒಳಬದಿಯನ್ನು ಹೊರಕ್ಕೆ ಹಾಕಿ ಎಂದರು. ಅದನ್ನೂ ಮಾಡಿಸಿದೆ, ಎರಡು ಟೈರಿಗೆ ನಾನೂರು ಚಿಲ್ಲರೆ. ಇನ್ನೊಂದು ಅಂಚು ಸವೆಯುವವರೆಗೆ ಕಾಲ ತಳ್ಳಿತು, ಅಷ್ಟೇ. ಹೆಚ್ಚಿನವರ ತೀರ್ಪು ಚಾರ್ಮಾಡಿಯ ತಿರುವುಗಳ ಮೇಲೆ. ಆದರೆ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆದಾಗ ನಾವು ಕೆಲವು ತಿಂಗಳು ಸಕಲೇಶಪುರ, ಶಿರಾಡಿ ಸುತ್ತಿ ಓಡಾಡಿದ್ದೆವು. ಆಗಲೂ ಒಳಅಂಚೇ ಸವೆಯಿತು, ಅದೇ ವೇಗದಲ್ಲಿ. ಘಾಟಿಯ ತಪ್ಪಲ್ಲ ಎಂಬುದು ನನಗೆ ಆಗಲೇ ಖಚಿತವಾಯಿತು.

ಕಣ್ಣಿಗಿಂತ ಅಂಗೈ ಹೆಚ್ಚು ಹೇಳುತ್ತದೆ. ಮುಂದಿನ ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಕೈ ಆಡಿಸಿದರೆ ನುಣುಪು, ಹೊರಗಿನಿಂದ ಒಳಕ್ಕೆ ಎಳೆದರೆ ಗರಗಸದ ಹಲ್ಲು ತಾಗಿದ ಹಾಗೆ ತರಿತರಿ. ಅದು ಟೋ (ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೆಟ್ಟ ಗುರುತು. ಅಲೈನ್‌ಮೆಂಟ್ ಆದ ಎರಡು ಸಾವಿರ ಕಿಲೋಮೀಟರಿನೊಳಗೇ ಟೋ ಕೆಡುತ್ತದೆ ಎಂದರೆ ಕೆಳಗೆ ಏನೋ ಸಡಿಲವಾಗಿದೆ. ಇದನ್ನು ಗ್ಯಾರೇಜಿನಲ್ಲಿ ಹೇಳಿದರೆ, ಷಾಸಿಗೆ ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿ "ಆಟವೇ ಇಲ್ಲ" ಎಂದು ಕಳುಹಿಸಿದರು. ಎರಡು ಕಡೆ ಇದೇ ಆಯಿತು. ಸ್ಪ್ರಿಂಗ್ ಕೆಳಗಿನ ಆರ್ಮಿನ (ಚಕ್ರವನ್ನು ಷಾಸಿಗೆ ಹಿಡಿದಿಡುವ ತೋಳು) ಮೇಲೆ ಕುಳಿತಿರುವ ನಮ್ಮಂಥ ಗಾಡಿಯಲ್ಲಿ ಷಾಸಿಯಿಂದ ಎತ್ತಿದರೆ ಆ ತೋಳಿನ ತುದಿಯ ಕೀಲಾದ ಬಾಲ್ ಜಾಯಿಂಟ್ ಮೇಲಿನ ಒತ್ತಡ ಇಳಿಯುವುದೇ ಇಲ್ಲ. ಆಟ ಇದ್ದರೂ ಬಚ್ಚಿಟ್ಟುಕೊಳ್ಳುತ್ತದೆ. ಮನೆಗೆ ಬಂದು ಕೆಳಗಿನ ಆರ್ಮಿಗೇ, ಚಕ್ರದ ಪಕ್ಕಕ್ಕೆ ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಕಟ್, ಕಟ್. ಎಡಗಡೆ ಸ್ಪಷ್ಟವಾಗಿ, ಬಲಗಡೆ ಸ್ವಲ್ಪ. ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದಾಗ ಎಡಗಡೆಯ ಟೈ ರಾಡ್ ಎಂಡ್ (ಸ್ಟಿಯರಿಂಗ್ ಸರಳಿನ ತುದಿಯ ಕೀಲು) ಕೂಡ ಮಾತನಾಡಿತು. ಕೆಳಗೆ ಮಲಗಿ ಕಬ್ಬಿಣದ ಸಲಾಕೆಯಿಂದ ಮೀಟಿದರೆ ಲೋಯರ್ ಆರ್ಮ್ ಬುಷ್‌ನ ರಬ್ಬರ್ ಸೀಳಿಕೊಂಡಿತ್ತು. ಕೆಸರು ಮೆತ್ತಿಕೊಂಡಿದ್ದರಿಂದ ಮೇಲ್ನೋಟಕ್ಕೆ ಏನೂ ಕಾಣುತ್ತಿರಲಿಲ್ಲ.

ಎರಡೂ ಬದಿಯ ಬಾಲ್ ಜಾಯಿಂಟ್, ಬುಷ್, ಟೈ ರಾಡ್ ಎಂಡ್, ಲಿಂಕ್ ರಾಡ್, ಕೂಲಿ ಎಲ್ಲ ಸೇರಿ ಹದಿನಾಲ್ಕೂವರೆ ಸಾವಿರದ ಹತ್ತಿರ ಆಯಿತು. ಒಂದೇ ಬದಿಗೆ ಹಾಕಿಸಿ ಅರ್ಧ ಉಳಿಸಿ ಎಂದವರ ಮಾತು ಕೇಳಲಿಲ್ಲ. ಒಂದು ವಿವರವನ್ನು ಹೇಳಲೇಬೇಕು: ಬುಷ್‌ನ ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿದು ತನ್ನ ತೂಕದಲ್ಲಿ ಕುಳಿತ ಮೇಲೆಯೇ ಪೂರ್ತಿ ಬಿಗಿಯಬೇಕು. ಚಕ್ರ ಜೋತಾಡುತ್ತಿರುವಾಗಲೇ ಬಿಗಿದರೆ ಹೊಸ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ವರ್ಷದೊಳಗೆ ಹರಿಯುತ್ತದೆ. ಗ್ಯಾರೇಜಿನ ಹುಡುಗನ ಪಕ್ಕದಲ್ಲೇ ನಿಂತು ಮಾಡಿಸಿದೆ.

ಆಮೇಲೆ ಹಳೆಯ ಟೈರಿನಲ್ಲೇ ಸಾವಿರ ಕಿಲೋಮೀಟರ್ ಓಡಿಸಿ, ಹೊಸ ಭಾಗಗಳು ಕೂತ ನಂತರ ಅಲೈನ್‌ಮೆಂಟ್. ಹೋಗುವಾಗ ಮುಂದಿನ ಎರಡು ಸೀಟಿನ ಮೇಲೆ ಒಂದೊಂದು, ಮಧ್ಯದ ಸಾಲಿನಲ್ಲಿ ಎರಡು, ಹೀಗೆ ಐವತ್ತು ಕಿಲೋದ ಕಾಫಿ ಚೀಲಗಳನ್ನು ಬೆಲ್ಟ್ ಹಾಕಿ ಕೂರಿಸಿಕೊಂಡು ಹೋದೆ. ಚಿಕ್ಕಮಗಳೂರಿನ ಆ ಅಂಗಡಿಯವರು ಮೊದಲು ಚೀಲ ಇಳಿಸಲು ಬಂದರು, ಆಮೇಲೆ ಮೊಬೈಲ್ ತೆಗೆದು ಫೋಟೊ ಹಿಡಿದರು. ನಗಲಿ. ನಮ್ಮ ಗಾಡಿ ಖಾಲಿ ಓಡುವುದು ಅಪರೂಪ. ಭಾರ ಬಿದ್ದಾಗ ಗಾಡಿ ಕುಳಿತು ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ), ಟೋ ಎರಡೂ ಕದಲುತ್ತವೆ. ಬಿಎಂಡಬ್ಲ್ಯುವಿನ ಹಲವು ಕಾರುಗಳಿಗೆ ಕಂಪನಿಯೇ ಸೀಟಿನ ಮೇಲೆ ಭಾರ ಇಟ್ಟು ಅಲೈನ್‌ಮೆಂಟ್ ಮಾಡಿ ಎನ್ನುತ್ತದೆ. ಅವರ ಬಳಿ ಅದಕ್ಕೆಂದೇ ಮಾಡಿದ ತೂಕಗಳಿವೆ, ನಮ್ಮ ಬಳಿ ರೋಬಸ್ಟಾ ಚೀಲ. ಟೋ ಎಷ್ಟು ಇಡಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಂಪನಿಯ ಮಿತಿಯೊಳಗೇ ಇದೆ, ಆದರೆ ನಟ್ಟನಡುವೆ ಇಲ್ಲ.

ಇಷ್ಟಾದ ಮೇಲೆ ಟೈರ್. ಭಾವನವರ ವಾದ ಎಚ್‌ಟಿ: ಹೈವೇ ಟೈರ್, ಮೆತ್ತಗೆ, ಸದ್ದಿಲ್ಲ, ಒಂದಕ್ಕೆ ಏಳೂವರೆ ಸಾವಿರ. ಪಕ್ಕದ ತೋಟದವರದ್ದು ಎಂಟಿ, ಅಂದರೆ ಜೀಪಿನ ಬಟನ್ ಟೈರ್. ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಒದ್ದೆ ಡಾಂಬರಿನ ತಿರುವಿನಲ್ಲಿ, ಅಮ್ಮ ಹಿಂದೆ ಕೂತಿರುವಾಗ, ನನಗೆ ಬೇಡ. ಎಲ್‌ಟಿ ಎಂದು ಬರೆದಿರುವ, ಸಣ್ಣ ಲಾರಿಗಳ ಬಗೆಯ ಟೈರುಗಳು ಗಟ್ಟಿಮುಟ್ಟು ನಿಜ, ಆದರೆ ಅವುಗಳಿಗೆ ಗಾಳಿ ಹೆಚ್ಚು ಬೇಕು, ಅಮ್ಮನ ಸೊಂಟ ಒಪ್ಪುವುದಿಲ್ಲ. ಒಬ್ಬರು 245/70 ಹಾಕಿಸಿ, ಗಾಡಿ ಎತ್ತರವಾಗುತ್ತದೆ ಎಂದರು. ಅದರ ವ್ಯಾಸ 14 ಮಿಲಿಮೀಟರ್ ಹೆಚ್ಚು, ಗಾಡಿ ಏಳುವುದು ಏಳೇ ಮಿಲಿಮೀಟರ್. ಸ್ಪೀಡೋಮೀಟರ್ ಎರಡು ಪರ್ಸೆಂಟ್ ಸುಳ್ಳು ಹೇಳುತ್ತದೆ, ಸ್ನೇಹಿತರ ಗಾಡಿಯಲ್ಲಿ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು.

ಅಗ್ಗಕ್ಕೆ 215/70 ಹಾಕಿ ಎಂದವರೂ ಇದ್ದರು. ಅವರಿಗೆ ಉತ್ತರ ಕೊಡಲೆಂದೇ ಗಾಡಿಯನ್ನು ತೂಕಕ್ಕೆ ಹಾಕಿದೆ. ಕ್ಯೂರಿಂಗ್‌ಗೆ ಕಾಫಿ ಕೊಡಲು ಹೋದಾಗ ಲಾರಿ ತೂಗುವ ವೇಬ್ರಿಡ್ಜ್ ಕಣ್ಣೆದುರಿಗೇ ಇರುತ್ತದೆ. ಮನೆಮಂದಿ ಎಲ್ಲ ಕೂತು, ಡಿಕ್ಕಿ ತುಂಬಿ, ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನದು ಮಾತ್ರ. ಮುಂದೆ 1,100 ಕಿಲೋ, ಹಿಂದೆ 1,400ರ ಹತ್ತಿರ. ಹಿಂದಿನ ಒಂದೊಂದು ಟೈರಿನ ಮೇಲೆ 700. 215/70ರ ಲೋಡ್ ಇಂಡೆಕ್ಸ್ 100, ಅಂದರೆ ಒಂದು ಟೈರ್ ಹೊರಬಲ್ಲದ್ದು 800 ಕಿಲೋ. ನಮ್ಮ ಅಳತೆಯದು 105, ಅಂದರೆ 925. ಗುಂಡಿಗೆ ಬಡಿದಾಗ 700 ಎನ್ನುವುದು 700 ಆಗಿಯೇ ಉಳಿಯುವುದಿಲ್ಲ. ಚರ್ಚೆ ಅಲ್ಲಿಗೆ ಮುಗಿಯಿತು.

ಕೊನೆಗೆ ಕಂಪನಿಯ ಅಳತೆಯಲ್ಲೇ, ತೀರಾ ಒರಟಲ್ಲದ ಎಟಿ ಟೈರ್ (ಡಾಂಬರು, ಮಣ್ಣು ಎರಡಕ್ಕೂ ಆಗುವುದು), ಸ್ಟೆಪ್ನಿ ಸೇರಿ ಐದು. 2022ರ ಮಳೆಗಾಲ ಮುಗಿದ ಮೇಲೆ ಕೊಂಡದ್ದು. ಮೊದಲ ಅಂಗಡಿಯಲ್ಲಿ ಒಂದಕ್ಕೆ ಏಳುನೂರು ಕಡಿಮೆ ಮಾಡುತ್ತೇನೆ ಎಂದರು. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿದರೆ 1120, ಅಂದರೆ 2020ರ 11ನೇ ವಾರದ ಮಾಲು. ಎರಡೂವರೆ ವರ್ಷ ಅವರ ಗೋದಾಮಿನಲ್ಲಿ ಮುದಿಯಾದ ರಬ್ಬರಿಗೆ ನಾನೇಕೆ ದುಡ್ಡು ಕೊಡಲಿ? ಬೇರೆ ಕಡೆ ಒಂದಕ್ಕೆ ಒಂಬತ್ತು ಸಾವಿರದ ನಾನೂರರಂತೆ 47,000 ಆಯಿತು. ಆಗ ಟೈರಿನ ಮೇಲೆ ಜಿಎಸ್‌ಟಿ 28 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ. ಈಗ ಕೊಳ್ಳುವವರಿಗೆ ಐದು ಟೈರಿಗೆ ಮೂರೂವರೆ ಸಾವಿರ ಉಳಿಯುತ್ತದೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಗಾಳಿಯ ವಿಷಯದಲ್ಲಿ ಬಾಗಿಲಿನ ಸ್ಟಿಕ್ಕರನ್ನು ಆರಂಭಕ್ಕೆ ಮಾತ್ರ ನಂಬುತ್ತೇನೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಖಾಲಿ ಇದ್ದಾಗ, ಟೈರಿನ ಅಗಲಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು ನೇರವಾಗಿ ಸ್ವಲ್ಪ ದೂರ ಓಡಿಸಿ ನೋಡಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳು ಮಾತ್ರ ಅಳಿಸಿದರೆ ಕಡಿಮೆ. ಮುಂದಕ್ಕೆ 31 ಪಾಯಿಂಟ್ (ಪಿಎಸ್‌ಐ), ಮನೆಮಂದಿಯೆಲ್ಲ ಕೂತಾಗ ಹಿಂದಕ್ಕೆ 36ರಲ್ಲಿ ನಮ್ಮ ಗೆರೆ ಸಮನಾಗಿ ಅಳಿಸಿತು. ತೋಟದ ಕೆಸರಿಗೆ ಎಷ್ಟಕ್ಕೆ ಇಳಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ಹೇಳಿದರೆ ಯಾರಾದರೂ ಅದೇ ಗಾಳಿಯಲ್ಲಿ ಘಾಟಿ ಇಳಿದುಬಿಡುತ್ತಾರೆ.

ಇದರ ನಡುವೆ ಒಂದು ಅಧಿಕಪ್ರಸಂಗವನ್ನೂ ಮಾಡಿದೆ. ಎಡಗಡೆಯ ಎರಡಕ್ಕೆ ಐವತ್ತು ರೂಪಾಯಿಯ ನೈಟ್ರೋಜನ್, ಬಲಗಡೆಗೆ ಮನೆಯ ಪಂಪಿನ ಗಾಳಿ. ಎರಡು ತಿಂಗಳ ಮೇಲೆ ನೋಡಿದರೆ ವ್ಯತ್ಯಾಸ ಒಂದು ಪಾಯಿಂಟ್ ಇದ್ದೀತು. ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ಅದನ್ನು ಪುಕ್ಕಟೆ ತುಂಬಿಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಎಲ್ಲಿ ತುಂಬುತ್ತೀರಿ ಎಂಬುದು. ಮಂಗಳೂರಿನ ಮಧ್ಯಾಹ್ನದಲ್ಲಿ ಬಿಸಿ ಟೈರಿಗೆ 33 ತುಂಬಿಸಿ ಬಂದರೆ ಮರುದಿನ ಬೆಳಗಿನ ಚಳಿಯಲ್ಲಿ ನಮ್ಮ ಮನೆಯಲ್ಲಿ 30 ತೋರಿಸುತ್ತದೆ. ನಾಲ್ಕೈದು ಪಾಯಿಂಟ್ ಇಳಿಯಬೇಕಾದದ್ದು ಮೂರಕ್ಕೆ ನಿಲ್ಲುವುದು ನಾವು ಎತ್ತರದಲ್ಲಿದ್ದು, ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದರಿಂದ.

ಐದು ಟೈರನ್ನೂ ಎಂಟು ಸಾವಿರಕ್ಕೊಮ್ಮೆ ಸರದಿಯಲ್ಲಿ ತಿರುಗಿಸುತ್ತೇನೆ. ಇದರಿಂದ ಇನ್ನೊಂದು ಉಪಕಾರವಾಗಿದೆ: ಗಾಡಿಯಡಿ ಸ್ಟೆಪ್ನಿ ನೇತುಹಾಕುವ ಸರಪಳಿಗೆ ಆಗಾಗ ಗ್ರೀಸ್ ಬೀಳುತ್ತದೆ. ನಮ್ಮ ಕಡೆಯ ಮಳೆಗೆ ಅದು ತುಕ್ಕು ಹಿಡಿದು, ಪಂಕ್ಚರ್ ಆದ ರಾತ್ರಿ ಸ್ಟೆಪ್ನಿ ಇಳಿಯದೆ ಕೂತವರನ್ನು ಕೊಟ್ಟಿಗೆಹಾರದಲ್ಲಿ ನೋಡಿದ್ದೇನೆ. ಐದು ಟೈರ್ ಹಂಚಿಕೊಂಡಿರುವುದರಿಂದ ಒಂದೊಂದು ಓಡಿರುವುದು 36,000 ಮಾತ್ರ ಎಂದು ಭಾವ ತಕರಾರು ತೆಗೆಯುತ್ತಾರೆ. ಸರಿ, ಐದೂ ಟೈರಿನ ಖರ್ಚನ್ನು ಗಾಡಿ ಓಡಿದ 45,000ಕ್ಕೆ ಹಂಚಿ ಲೆಕ್ಕ ಹಾಕೋಣ. ಹಿಂದಿನ ಸೆಟ್ ಕಿಲೋಮೀಟರಿಗೆ ಒಂದು ರೂಪಾಯಿ ಮೂವತ್ತೈದು ಪೈಸೆ ತಿಂದಿತ್ತು. ಈಗ ಬುಷ್ ಖರ್ಚನ್ನೂ ಸೇರಿಸಿ 61,500, ಇಲ್ಲಿಯವರೆಗೆ ಸಮಸಮ. ನಾನು ಟೈರಿನ ಗೆರೆಯೊಳಗಿನ ಸವೆತದ ಗುರುತಿನ 1.6 ಮಿಲಿಮೀಟರ್ ತನಕ ಕಾಯದೆ, ಮಳೆಯ ದೆಸೆಯಿಂದ 3ಕ್ಕೇ ತೆಗೆಯುವವನು. ಆದರೂ ಇದೇ ಸವೆತದಲ್ಲಿ 60,000 ದಾಟುತ್ತದೆ, ಕಿಲೋಮೀಟರಿಗೆ ಒಂದು ರೂಪಾಯಿಗೆ ಬರುತ್ತದೆ.

ಕಳೆದ ಬೇಸಿಗೆಯಿಂದ ಅರವತ್ತರ ವೇಗದಲ್ಲಿ ಗುಂಯ್ ಎನ್ನುವ ಸದ್ದು ಶುರುವಾಗಿತ್ತು. "ಎಟಿ ಟೈರ್ ಅಲ್ಲವೇ, ಕೂಗುತ್ತದೆ" ಎಂದು ಭಾವನಿಗೆ ಸಂತೋಷ. ಬೇಲೂರು ರಸ್ತೆಯ ನೀಳ ತಿರುವುಗಳಲ್ಲಿ ಕಿವಿಯಿಟ್ಟು ಕೇಳಿದೆ: ಬಲಕ್ಕೆ ತಿರುಗಿದಾಗ ಜೋರು, ಎಡಕ್ಕೆ ತಿರುಗಿದಾಗ ಮೌನ. ಟೈರಿನ ಸದ್ದಾಗಿದ್ದರೆ ತಿರುವಿಗೆ ಹೀಗೆ ಬದಲಾಗುವುದಿಲ್ಲ. ಬಲಕ್ಕೆ ತಿರುಗುವಾಗ ಭಾರ ಬೀಳುವುದು ಎಡಗಡೆಗೆ, ಬಿಚ್ಚಿಸಿದರೆ ಮುಂದಿನ ಎಡ ಬೇರಿಂಗ್ ಹೋಗಿತ್ತು. ಕೂಲಿ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಅದೇ ಹೊತ್ತಿಗೆ ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲೆ ಎಣ್ಣೆಯ ಜಿಡ್ಡು ಕಂಡಿದೆ. ಮುಂದಿನ ಟೈರ್ ಸೆಟ್‌ಗೆ ಮೊದಲು ಅದನ್ನು ಹಾಕಿಸಬೇಕು, ಎರಡೂ ಬದಿಗೆ.