ಪಿಸಿ ಆಟಗಳಲ್ಲಿ ಜೈರೋದಿಂದ ಗುರಿ ಹಿಡಿಯುವುದು: ಸ್ಟೀಮ್‌ನಲ್ಲಿ ಹೊಂದಿಸುವ ಬಗೆ

ಮೋಷನ್ ಕಂಟ್ರೋಲ್ ಅಂದರೆ ಟಿವಿ ಮುಂದೆ ನಿಂತು ಕೈಕಾಲು ಬೀಸುವುದು ಎಂದುಕೊಂಡಿದ್ದ ಕಾಲ ಹೋಯಿತು. 2006ರ ವೀ ಗೇಮ್ ಕನ್ಸೋಲ್ ಆ ದಾರಿ ತೋರಿಸಿತು, 2010ರಲ್ಲಿ ಎಕ್ಸ್‌ಬಾಕ್ಸ್‌ನ ಕಿನೆಕ್ಟ್ ಕ್ಯಾಮೆರಾ ಹಿಂದೆ ಬಂತು, 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು. ಇವತ್ತು ಬೆಳೆಯುತ್ತಿರುವುದು ಕಂಟ್ರೋಲರ್ ಒಳಗೆ ಕೂತಿರುವ ಪುಟ್ಟ ಜೈರೋ, ಅಂದರೆ ಕಂಟ್ರೋಲರ್ ಎಷ್ಟು ತಿರುಗಿತು ಎಂದು ಅಳೆಯುವ ಸೆನ್ಸರ್. ದೊಡ್ಡ ತಿರುವಿಗೆ ಬಲಗಡೆ ಸ್ಟಿಕ್, ಕೊನೆಯ ಕೂದಲೆಳೆಯಷ್ಟು ಸರಿಪಡಿಸಲು ಮಣಿಕಟ್ಟು. ಫೋನ್ ಬಾಗಿಸಿ ರಿಕಾಯಿಲ್ (ಗುಂಡು ಹಾರಿದಾಗ ಬಂದೂಕು ಒದೆಯುವುದು) ತಡೆಯುವ ಬಿಜಿಎಂಐ ಮೊಬೈಲ್ ಆಟದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಪಿಸಿಯಲ್ಲಿ ಅದೇ ಕೆಲಸವನ್ನು ಆಟಗಳನ್ನು ಕೊಂಡು ಆಡುವ ಸ್ಟೀಮ್ ಆ್ಯಪ್ ಮೂಲಕ ಮಾಡಿಸಬಹುದು.

ಮೊದಲು ಕಂಟ್ರೋಲರ್ ನೋಡಿ. ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4, ಡ್ಯುಯಲ್‌ಸೆನ್ಸ್, ನಿಂಟೆಂಡೊದ ಸ್ವಿಚ್ ಪ್ರೋ, ಈ ಮೂರರಲ್ಲೂ ಜೈರೋ ಇದೆ. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿ ಇಲ್ಲ; ಯಾವ ಸಾಫ್ಟ್‌ವೇರ್ ಹಾಕಿದರೂ ಬರುವುದಿಲ್ಲ. ಬೇರೆ ಕಂಪನಿಗಳ ಕಂಟ್ರೋಲರ್‌ನಲ್ಲಿ ಜೈರೋ ಇದ್ದರೂ ಎಕ್ಸ್‌ಇನ್‌ಪುಟ್ ಮೋಡ್‌ನಲ್ಲಿ (ಪಿಸಿಗೆ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಂತೆ ಕಾಣುವ ಮೋಡ್) ಅದು ಪಿಸಿಗೆ ತಲುಪುವುದಿಲ್ಲ, ಏಕೆಂದರೆ ಆ ವ್ಯವಸ್ಥೆಯಲ್ಲಿ ಜೈರೋಗೆ ಜಾಗವೇ ಇಲ್ಲ. ಸ್ವಿಚ್ ಮೋಡ್ ಇದ್ದರೆ ಅದಕ್ಕೆ ಬದಲಿಸಿ. ಅಗ್ಗದ ನಕಲಿ ಡ್ಯುಯಲ್‌ಶಾಕ್ ಕೊಳ್ಳುವ ಮುನ್ನ ಜೈರೋ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ ನೋಡಿ.

ಜೋಡಿಸುವುದು ಸುಲಭ. ಯುಎಸ್‌ಬಿ ಕೇಬಲ್ ಚುಚ್ಚಿದರೂ ಕಂಟ್ರೋಲರ್ ಕಾಣದಿದ್ದರೆ ಅದು ಬರೀ ಚಾರ್ಜಿಂಗ್ ಕೇಬಲ್ ಇರಬಹುದು, ಡೇಟಾ ಕೇಬಲ್ ಹಾಕಿ. ಬ್ಲೂಟೂತ್‌ಗೆ ಡ್ಯುಯಲ್‌ಶಾಕ್‌ನಲ್ಲಿ ಶೇರ್ ಮತ್ತು ಪಿಎಸ್ ಬಟನ್ ಒಟ್ಟಿಗೆ, ಡ್ಯುಯಲ್‌ಸೆನ್ಸ್‌ನಲ್ಲಿ ಕ್ರಿಯೇಟ್ ಮತ್ತು ಪಿಎಸ್ ಒಟ್ಟಿಗೆ, ದೀಪ ಮಿಟುಕುವವರೆಗೆ ಒತ್ತಿಹಿಡಿಯಿರಿ. ಪ್ಲೇಸ್ಟೇಷನ್ ಕಂಟ್ರೋಲರನ್ನು ಪಿಸಿಗೆ ಹೊಂದಿಸುವ ಡಿಎಸ್4ವಿಂಡೋಸ್ ಸಾಫ್ಟ್‌ವೇರ್ ಓಡುತ್ತಿದ್ದರೆ ಮುಚ್ಚಿ. ಅದೂ ಸ್ಟೀಮ್ ಕೂಡ ಒಟ್ಟಿಗಿದ್ದರೆ ಆಟಕ್ಕೆ ಒಂದೇ ಬಟನ್ ಎರಡು ಸಲ ಮುಟ್ಟುತ್ತದೆ.

ಇನ್ನು ಸ್ಟೀಮ್ ಕಡೆ. ಮೆನುಗಳ ಹೆಸರು ಅಪ್‌ಡೇಟ್ ಬಂದಾಗ ಅಷ್ಟಿಷ್ಟು ಬದಲಾಗುತ್ತದೆ, ಕ್ರಮ ಮಾತ್ರ ಇದೇ:

1. ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ತೆರೆದು ನಿಮ್ಮ ಬಗೆಯ ಕಂಟ್ರೋಲರ್‌ಗೆ ಸ್ಟೀಮ್ ಇನ್‌ಪುಟ್ (ಕಂಟ್ರೋಲರ್ ಸಂಕೇತಗಳನ್ನು ಬದಲಿಸಿ ಆಟಕ್ಕೆ ಕಳಿಸುವ ವ್ಯವಸ್ಥೆ) ಆನ್ ಮಾಡಿ.
2. ಕಂಟ್ರೋಲರನ್ನು ಅಲುಗದ ಮೇಜಿನ ಮೇಲಿಟ್ಟು ಜೈರೋ ಕ್ಯಾಲಿಬ್ರೇಟ್ ಮಾಡಿ, ಅಂದರೆ ನಿಶ್ಚಲ ಸ್ಥಿತಿಯನ್ನು ಸೊನ್ನೆ ಎಂದು ಅದಕ್ಕೆ ತಿಳಿಸಿ. ಕೈಯಲ್ಲಿ ಹಿಡಿದು ಮಾಡಿದರೆ ನಿಮ್ಮ ನಡುಕವನ್ನೇ ಅದು ಸೊನ್ನೆ ಎಂದು ಲೆಕ್ಕ ಹಾಕುತ್ತದೆ.
3. ಆಟದ ಪುಟದ ಕಂಟ್ರೋಲರ್ ಚಿಹ್ನೆ ಒತ್ತಿ, ಲೇಔಟ್ ತಿದ್ದಲು ಹೋಗಿ, ಜೈರೋ ವಿಭಾಗದಲ್ಲಿ 'ಜೈರೋ ಟು ಮೌಸ್' ಆರಿಸಿ.
4. ಜೈರೋ ಯಾವಾಗ ಕೆಲಸ ಮಾಡಬೇಕೆಂದು ಕೇಳುವಲ್ಲಿ ಎಲ್2 (ಎಡಗಡೆಯ ಟ್ರಿಗರ್) ಕೊಡಿ. ಆಗ ಸ್ಕೋಪ್ ಹಾಕಿದಾಗ ಮಾತ್ರ ಜೈರೋ ಎಚ್ಚರವಾಗುತ್ತದೆ.

ಕೈ ಪಳಗಿದ ಮೇಲೆ ಇದನ್ನು ತಿರುಗಿಸಿ ಹಾಕಿಕೊಳ್ಳಿ: ಜೈರೋ ಸದಾ ಆನ್, ಒಂದು ಬಟನ್ ಒತ್ತಿದಾಗ ಮಾತ್ರ ಆಫ್. ಮಣಿಕಟ್ಟು ಒಂದು ಕಡೆಗೆ ತಿರುಚಿಕೊಂಡಾಗ ಆ ಬಟನ್ ಒತ್ತಿ, ಕೈಯನ್ನು ನೇರಕ್ಕೆ ತಂದು ಬಿಡುವುದು. ಮೌಸ್ ಎತ್ತಿ ಮತ್ತೆ ಇಡುವ ಹಾಗೆ. ಈ ಬಟನ್ ಇಲ್ಲದೆ ಜೈರೋವನ್ನು ಸದಾ ಆನ್ ಇಟ್ಟವರು ಬೇಗ ಬೇಸತ್ತು ಬಿಟ್ಟುಬಿಡುತ್ತಾರೆ.

ಸೆನ್ಸಿಟಿವಿಟಿಯನ್ನು ಅಂದಾಜಿಗೆ ಹೆಚ್ಚುಕಡಿಮೆ ಮಾಡಬೇಡಿ, ಅಳೆಯಿರಿ. ಆಟದಲ್ಲಿ ಮೌಸ್ ಆಕ್ಸಲರೇಶನ್ (ವೇಗಕ್ಕೆ ತಕ್ಕಂತೆ ಚಲನೆ ಹಿಗ್ಗಿಸುವುದು) ಮತ್ತು ಸ್ಮೂದಿಂಗ್ (ಚಲನೆ ನಯಗೊಳಿಸುವುದು) ಎರಡನ್ನೂ ತೆಗೆಯಿರಿ. ಕಂಟ್ರೋಲರನ್ನು 90 ಡಿಗ್ರಿ ತಿರುಗಿಸಿದಾಗ ಆಟದ ನೋಟವೂ 90 ಡಿಗ್ರಿ ತಿರುಗುವವರೆಗೆ ಸ್ಟೀಮ್‌ನಲ್ಲಿ ಸರಿಹೊಂದಿಸಿ. ಇದು ಒಂದಕ್ಕೊಂದು. ಹೆಚ್ಚಿನವರಿಗೆ ಇದು ನಿಧಾನ ಎನಿಸುತ್ತದೆ. ಅದರ 2ರಿಂದ 4 ಪಟ್ಟಿನ ನಡುವೆ ಎಲ್ಲೋ ನಿಮ್ಮ ಅಂಕಿ ಸಿಗುತ್ತದೆ. ಒಮ್ಮೆ ನಿಗದಿ ಮಾಡಿದ ಮೇಲೆ ಒಂದು ವಾರ ಮುಟ್ಟಬೇಡಿ. ದಿನಾ ಬದಲಿಸಿದರೆ ಮಣಿಕಟ್ಟಿಗೆ ಏನೂ ರೂಢಿಯಾಗುವುದಿಲ್ಲ.

ಕೆಲವು ಆಟಗಳಲ್ಲಿ ಪರದೆಯ ಬಟನ್ ಚಿಹ್ನೆಗಳು ಕೀಬೋರ್ಡ್‌ಗೂ ಕಂಟ್ರೋಲರ್‌ಗೂ ಪಟಪಟನೆ ಬದಲಾಗುತ್ತವೆ, ನಡಿಗೆ ತಡವರಿಸುತ್ತದೆ. ಮೌಸ್ ಮತ್ತು ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಒಪ್ಪದ ಆಟಗಳ ರೋಗ ಇದು. ಎರಡು ದಾರಿ ಇದೆ. ಎಲ್ಲ ಬಟನ್‌ಗಳನ್ನೂ ಕೀಬೋರ್ಡ್‌ಗೆ ಹೊಂದಿಸಬಹುದು; ಆದರೆ ಸ್ಟಿಕ್ ಅನ್ನು ಅರ್ಧ ಒತ್ತಿ ಮೆಲ್ಲಗೆ ನಡೆಯುವ ಸೌಲಭ್ಯ ಹೋಗುತ್ತದೆ. ಇಲ್ಲವೇ ಜೈರೋವನ್ನು ಮೌಸ್ ಬದಲು ಜಾಯ್‌ಸ್ಟಿಕ್ ಆಗಿ ಕಳಿಸಬಹುದು. ಇದರಲ್ಲಿ ಸಣ್ಣ ಚಲನೆಗಳನ್ನು ಆಟದ ಡೆಡ್‌ಝೋನ್ (ಸ್ಟಿಕ್‌ನ ಸಣ್ಣ ಅಲುಗಾಟವನ್ನು ಲೆಕ್ಕಿಸದ ವ್ಯಾಪ್ತಿ) ನುಂಗಿಬಿಡುತ್ತದೆ, ಹಾಗಾಗಿ ಆಟದೊಳಗೆ ಅದನ್ನು ಸೊನ್ನೆಗಿಳಿಸಿ. ಹಾಗೆ ಇಳಿಸಲು ಆಟ ಬಿಡದಿದ್ದರೆ ಸ್ಟೀಮ್‌ನಲ್ಲಿ ಕನಿಷ್ಠ ಔಟ್‌ಪುಟ್ ಏರಿಸುತ್ತ ಹೋಗಿ; ಸಣ್ಣ ಅಲುಗಾಟಕ್ಕೂ ನೋಟ ಕದಲಿದ ಕೂಡಲೇ ನಿಲ್ಲಿಸಿ. ಮೌಸ್‌ನಷ್ಟು ನಯ ಇದರಲ್ಲಿ ಸಿಗದು.

ಕಂಟ್ರೋಲರ್ ಸುಮ್ಮನಿದ್ದರೂ ಗುರಿ ಒಂದೇ ಕಡೆ ಜಾರುತ್ತಿದ್ದರೆ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಬಿಸಿ ಏರಿದಾಗ ಜೈರೋದ ಸೊನ್ನೆ ಸರಿಯುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಆಡಿದ ಮೇಲೆ ಮಾಡುವುದೇ ಒಳ್ಳೆಯದು. ಗುಂಡು ಹಾರಿಸಿದಾಗ ಮಾತ್ರ ಗುರಿ ನಡುಗಿದರೆ ಅದಕ್ಕೆ ಕಾರಣ ಕಂಟ್ರೋಲರ್‌ನ ವೈಬ್ರೇಷನ್ ಮೋಟರ್. ಅದನ್ನು ಕಡಿಮೆ ಮಾಡಿ, ಇಲ್ಲವೇ ಆಫ್ ಮಾಡಿ.