ಸೋಲಾರ್ ಬಿಸಿನೀರು ಚಳಿಗಾಲದ ಬೆಳಗಿನವರೆಗೆ ಆರದಂತೆ ಕಾಯ್ದುಕೊಳ್ಳುವ ಬಗೆ

ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಮೂಡಣ ಗಾಳಿ ಬೀಸತೊಡಗಿದರೂ ಹಗಲಿನ ಬಿಸಿಲಿಗೆ ಕೊರತೆ ಇರುವುದಿಲ್ಲ. ಆದ್ದರಿಂದ ಸಂಜೆ ಸುಡುವಷ್ಟು ಕಾದಿದ್ದ ನೀರು ಮರುದಿನ ಜಳಕದ ಹೊತ್ತಿಗೆ ಉಗುರುಬೆಚ್ಚಗಾಗಿದ್ದರೆ, ದೋಷವನ್ನು ಬಿಸಿಲಿನಲ್ಲಿ ಹುಡುಕದೆ ರಾತ್ರಿ ಶಾಖ ಸೋರುವ ಜಾಗಗಳಲ್ಲಿ ಹುಡುಕಬೇಕು. ಹೆಚ್ಚು ದೊಡ್ಡ ಟಾಕಿ ಕೊಳ್ಳುವ ಅಥವಾ ದಿನವೂ ಕರೆಂಟಿನ ಹೀಟರ್ ಹಾಕುವ ಯೋಚನೆ ಅದಾದ ಮೇಲಿನದು.

ಮೊದಲು ಟಾಕಿಯನ್ನು ನೋಡಿ. ಅದರ ಒಳಪದರ ಮತ್ತು ಹೊರತಗಡಿನ ನಡುವೆ ತುಂಬಿರುವ ಪಫ್ (ಶಾಖ ತಡೆಯುವ ಗಟ್ಟಿ ನೊರೆಯಂಥ ಪದರ) ಒಣಗಿರುವವರೆಗೆ ಮಾತ್ರ ಶಾಖವನ್ನು ಹಿಡಿದಿಡುತ್ತದೆ. ಸೂರ್ಯ ಹುಟ್ಟುವ ಮುನ್ನ ಮಾಳಿಗೆ ಹತ್ತಿ ಟಾಕಿಯ ಮೈಮೇಲೆ ಅಂಗೈಯಾಡಿಸಿದರೆ, ಉಳಿದೆಡೆ ತಣ್ಣಗಿದ್ದು ಒಂದೇ ಕಡೆ ಬೆಚ್ಚಗೆ ತಾಕುವ ಜಾಗವಿದ್ದಲ್ಲಿ ಅಲ್ಲಿ ಪಫ್ ನೆನೆದಿದೆ ಅಥವಾ ಕುಸಿದಿದೆ ಎಂದು ತಿಳಿಯಬಹುದು. ಮಳೆನೀರು ಇಳಿಯುವ ಸಂದುಗಳನ್ನು, ಅವು ಪೂರ್ತಿ ಒಣಗಿದ ಮೇಲೆ, ಸಿಲಿಕೋನ್ ಸೀಲೆಂಟ್ ಹಚ್ಚಿ ಮುಚ್ಚಿ. ಆದರೆ ಟಾಕಿಯ ಮೇಲೆ ನಿಂತಿರುವ ಗಾಳಿಕೊಳವೆಯ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಹಬೆ ಹೊರಹೋಗಲು, ನೀರು ಖಾಲಿಯಾಗುವಾಗ ಗಾಳಿ ಒಳಬರಲು ಅದೊಂದೇ ದಾರಿ, ಅದು ಕಟ್ಟಿಕೊಂಡರೆ ಟಾಕಿಯೇ ಉಬ್ಬಬಹುದು ಅಥವಾ ನುಗ್ಗಾಗಬಹುದು.

ಹೆಚ್ಚಿನ ಮನೆಗಳಲ್ಲಿ ನಿಜವಾದ ನಷ್ಟ ಆಗುವುದು ಪೈಪಿನಲ್ಲಿ. ಒಂದಿಂಚಿನ ಪೈಪು 10 ಮೀಟರ್ ಉದ್ದವಿದ್ದರೆ ಅದರೊಳಗೆ ಸುಮಾರು 5 ಲೀಟರ್ ನೀರು ನಿಲ್ಲುತ್ತದೆ, ಮತ್ತು ಬರಿಮೈ ಪೈಪಿನಲ್ಲಿ ಅದೆಲ್ಲವೂ ರಾತ್ರಿಯಿಡೀ ಆರಿ, ಬೆಳಿಗ್ಗೆ ನಳ ತಿರುವಿದ ಕೂಡಲೇ ಬಚ್ಚಲಿಗೆ ಹರಿದುಹೋಗುತ್ತದೆ. ನೀರು ದಿನ ಬಿಟ್ಟು ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಪೈಪಿನ ಹೊರ ಅಳತೆಗೆ ಸರಿಹೊಂದುವ ನೈಟ್ರೈಲ್ ರಬ್ಬರಿನ ಕೊಳವೆಯನ್ನು, ಸಾಧ್ಯವಾದರೆ 19 ಮಿಲಿಮೀಟರ್ ದಪ್ಪದ್ದನ್ನು, ತಂದು ಉದ್ದಕ್ಕೆ ಸೀಳಿ ತೊಡಿಸಿ; ಸೀಳು ಕೆಳಮುಖವಾಗಿರಲಿ, ಅಂಚುಗಳಿಗೆ ಅಂಟು ಹಚ್ಚಿ ಒತ್ತಿ ಕೂಡಿಸಿ. ಮೊಣಕೈ ತಿರುವುಗಳಲ್ಲಿ ಕೊಳವೆಯನ್ನು ಬಗ್ಗಿಸಿ ಎಳೆದರೆ ಹೊರಬದಿಯಲ್ಲಿ ಬಾಯಿ ಬಿಡುತ್ತದೆ, ಆದ್ದರಿಂದ ಎರಡು ತುಂಡುಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಜೋಡಿಸುವುದೇ ಸರಿ. ಕಪ್ಪು ರಬ್ಬರು ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಬಿರಿಯುವುದರಿಂದ ಮೇಲೆ ಅಲ್ಯುಮಿನಿಯಂ ಟೇಪು ಸುತ್ತಿ. ಧಾರವಾಡದಲ್ಲಿ ಮಂಗಗಳ ಕಾಟವಿರುವ ಓಣಿಗಳಲ್ಲಿ ಟೇಪು ಸಾಲದು. ಅಗಲವಾದ ಪಿವಿಸಿ ಪೈಪನ್ನು ಸೀಳಿ ಹೊದಿಸಿ ತಂತಿ ಕಟ್ಟುವುದು ಮೇಲು.

ಪ್ಲಂಬರುಗಳೂ ಎಷ್ಟೋ ಸಲ ಲಕ್ಷ್ಯ ಕೊಡದ ಇನ್ನೊಂದು ಜಾಗವಿದೆ. ಯಾರೂ ನೀರು ಬಳಸದ ಸಂಜೆಯ ಹೊತ್ತಿನಲ್ಲಿ ಸೋಲಾರ್ ಟಾಕಿಗೆ ತಣ್ಣೀರು ತರುವ ಪೈಪನ್ನು ಮುಟ್ಟಿ ನೋಡಿ. ಟಾಕಿಯಿಂದ ನಾಲ್ಕೈದು ಅಡಿ ದೂರದಲ್ಲಿಯೂ ಅದು ಬಿಸಿಯಾಗಿದ್ದರೆ ಬಿಸಿನೀರು ಹಿಮ್ಮುಖವಾಗಿ ಏರಿ ಮೇಲಿನ ತಣ್ಣೀರಿನ ಟಾಕಿ ಸೇರುತ್ತಿದೆ ಎಂದರ್ಥ. ಆ ಪೈಪು ಕೆಳಗಿಳಿದು ತಿರುಗಿ ಮೇಲೇರಿ ಸೋಲಾರ್ ಟಾಕಿಯನ್ನು ಸೇರುವಂತೆ ಮಾಡಿಸಿದರೆ ಈ ಹಿಮ್ಮುಖ ಹರಿವು ಬಹುಮಟ್ಟಿಗೆ ನಿಲ್ಲುತ್ತದೆ. ಬಚ್ಚಲಿನ ಮಿಕ್ಸರ್ ನಳದ ಎರಡೂ ತಿರುಪುಗಳನ್ನು ತೆರೆದಿಟ್ಟು ಕೈಶವರಿನ ಗುಂಡಿಯನ್ನಷ್ಟೇ ಮುಚ್ಚುವ ರೂಢಿಯಿದ್ದರೆ ಅದರ ಮೂಲಕವೂ ಬಿಸಿನೀರು ತಣ್ಣೀರಿನ ಪೈಪಿಗೆ ಹೋಗಬಹುದು.

ಬಿಸಿಲು ಹೀರಿ ನೀರು ಕಾಯಿಸುವ ಗಾಜಿನ ಕೊಳವೆಗಳ ಧೂಳನ್ನು ನಸುಕಿನಲ್ಲಿಯೇ ಒದ್ದೆ ಬಟ್ಟೆಯಿಂದ ಒರೆಸಿ. ಕೊಳವೆಯ ತುದಿಯ ಬೆಳ್ಳಿ ಬಣ್ಣ ಹೋಗಿ ಬಿಳಿಚಿದ್ದರೆ ಗಾಜಿನ ಎರಡು ಪದರಗಳ ನಡುವಿನ ನಿರ್ವಾತ (ಗಾಳಿಯಿಲ್ಲದ ಸ್ಥಿತಿ) ಹೋಗಿದೆ, ಬದಲಾಯಿಸಲೇಬೇಕು. ಗದಗದ ಕಡೆಯಂತೆ ಗಡಸು ಬೋರ್‌ವೆಲ್ ನೀರು ಬಳಸುವವರು ವರ್ಷಕ್ಕೊಮ್ಮೆ ಟಾಕಿ ಖಾಲಿ ಮಾಡಿಸಿ ಸುಣ್ಣದ ಗಸಿಯನ್ನು ತೆಗೆಸಬೇಕು. ಆ ಕೆಲಸ ಬಿಸಿಲೇರುವ ಮುನ್ನವೇ ಮುಗಿಯಲಿ, ಏಕೆಂದರೆ ಮಧ್ಯಾಹ್ನ ಕಾದ ಖಾಲಿ ಕೊಳವೆಗೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ.