ರೋಮ್ ಕುಸಿದ ನಂತರದ ಯುರೋಪನ್ನು ಓದತೊಡಗುವ ಕ್ರಮ

ಯಶವಂತಪುರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಮನ್ ಬೆಳ್ಳಿನಾಣ್ಯಗಳ ನಿಧಿ ಸಿಕ್ಕಿತ್ತೆಂಬುದು ಗೊತ್ತಿರುವ ಬೆಂಗಳೂರಿಗರಿಗೆ ರೋಮ್ ಅಷ್ಟೇನೂ ದೂರದ ಊರಲ್ಲ. ಆ ರೋಮಿನ ಆಳ್ವಿಕೆ ಪಶ್ಚಿಮದಲ್ಲಿ ಮುಗಿದ ಮೇಲೆ ಏನಾಯಿತೆಂದು ತಿಳಿಯಬಯಸುವವರು ಮೊದಲು ಒಂದು ದೊಡ್ಡ ಹಾಳೆಯಲ್ಲಿ ಉದ್ದ ಗೆರೆ ಎಳೆದು 410 (ಗಾತರು ರೋಮ್ ನಗರವನ್ನು ಕೊಳ್ಳೆಹೊಡೆದ ವರ್ಷ), 476, 568, 800 ಎಂಬ ನಾಲ್ಕು ಇಸವಿಗಳನ್ನಷ್ಟೇ ಗುರುತಿಸಿಕೊಳ್ಳಬೇಕು.

ಇವುಗಳಲ್ಲಿ 476ರ ಬಳಿ ಹೆಚ್ಚು ಹೊತ್ತು ನಿಲ್ಲಿ. ಆ ವರ್ಷ ಇಟಲಿಯಲ್ಲಿದ್ದ ಜರ್ಮಾನಿಕ್ ಸೇನಾನಿ ಓಡೋವಾಕರನು ಬಾಲಕ ಚಕ್ರವರ್ತಿ ರೊಮುಲಸ್ ಅಗಸ್ಟುಲಸನನ್ನು ಪಟ್ಟದಿಂದಿಳಿಸಿದನಾದರೂ ಕೊಲ್ಲಲಿಲ್ಲ. ವರ್ಷಾಶನ ಗೊತ್ತುಮಾಡಿ ದಕ್ಷಿಣ ಇಟಲಿಯ ಕಂಪಾನಿಯಾಕ್ಕೆ ಕಳುಹಿಸಿದನು, ರಾಜಚಿಹ್ನೆಗಳನ್ನು ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್ಲಿಗೆ ಒಪ್ಪಿಸಿದನು. ಪೂರ್ವದ ಸಾಮ್ರಾಜ್ಯ 1453ರವರೆಗೆ ಬಾಳಿತಾದ್ದರಿಂದ ‘ಪತನ’ ಎಂಬ ಪದವನ್ನು ಕಂಡಲ್ಲೆಲ್ಲ ಯಾವ ಭಾಗದ ಪತನವೆಂದು ಕೇಳಿಕೊಳ್ಳುವುದು ಒಳ್ಳೆಯದು.

ಮುಂದೆ ನಾಣ್ಯಗಳ ಚಿತ್ರಗಳನ್ನು ನೋಡಿ. ಪಶ್ಚಿಮದಲ್ಲಿ ರೋಮಿನ ಜಾಗಕ್ಕೆ ಬಂದ ಗಾತ್ ಮತ್ತು ಫ್ರಾಂಕ್ ಜನರ ದೊರೆಗಳು ಬಹುಕಾಲ ಪೂರ್ವದ ಚಕ್ರವರ್ತಿಯ ಮುಖ, ಹೆಸರುಗಳನ್ನೇ ಚಿನ್ನದ ಮೇಲೆ ಅಚ್ಚೊತ್ತಿಸುತ್ತಿದ್ದರು. ನನ್ನ ಮಟ್ಟಿಗೆ ಯುದ್ಧಗಳ ಪಟ್ಟಿಗಿಂತ ಇದೇ ಹೆಚ್ಚು ಹೇಳುತ್ತದೆ. 568ರಲ್ಲಿ ಲೊಂಬಾರ್ಡರೆಂಬ ಇನ್ನೊಂದು ಜರ್ಮಾನಿಕ್ ಜನ ಇಟಲಿಗೆ ನುಗ್ಗಿದ್ದನ್ನು ಸದ್ಯಕ್ಕೆ ಗುರುತುಹಾಕಿಕೊಂಡರೆ ಸಾಕು.

ಕೊನೆಗೆ ಗೆರೆಯ ಕೆಳಗೆ ನಮ್ಮ ನಾಡನ್ನೂ ಬರೆಯಿರಿ: 634ರಲ್ಲಿ ಐಹೊಳೆಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕಲ್ಲಿನಲ್ಲಿ ಮೂಡಿಸಿದಾಗ ಫ್ರಾಂಕರನ್ನು ಡಾಗೊಬರ್ಟನು ಆಳುತ್ತಿದ್ದನು, ಮತ್ತು 800ರಲ್ಲಿ ರೋಮಿನಲ್ಲಿ ಫ್ರಾಂಕರ ದೊರೆ ಶಾರ್ಲಮೇನನ ತಲೆಗೆ ಚಕ್ರವರ್ತಿಯ ಕಿರೀಟ ಏರಲು ಇನ್ನೂ 166 ವರ್ಷಗಳಿದ್ದವು.